ಒಂಟೆ ಇದ್ದಾಗ ಪುಕ್ಕಟೆ, ರೈಲು ಬಂದಾಗ ಬಿಲ್ಲು: ಹಜ್ ಯಾತ್ರಿಕರ ಕ್ವಾರಂಟೈನ್ ಬಗ್ಗೆ ಕೆಲವು ಉತ್ತರ

ಹಜ್, ರೈಲು, ಕಾಲರಾ. ಈ ಮೂರೂ ಒಂದೇ ಪತ್ರದಲ್ಲಿ ಕಂಡರೆ ಒಳಗೆ ಏನು ಕೇಳಿದ್ದಾರೆ ಅಂತ ಓದುವ ಮೊದಲೇ ಗೊತ್ತಾಗುತ್ತದೆ. ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹಳೆಯ ಯಾತ್ರಿಕರ ಕ್ವಾರಂಟೈನ್ ಬಗ್ಗೆ ಓದುವುದು ನನ್ನ ಚಟ. ಹಾಗಾಗಿ ಈ ಪ್ರಶ್ನೆಗಳು ಸುತ್ತಿ ಸುತ್ತಿ ನನ್ನ ಮೇಜಿಗೇ ಬರುತ್ತವೆ. ಈ ಸಲ ಒಟ್ಟಿಗೆ ಉತ್ತರ ಬರೆದು ಕೈ ತೊಳೆದುಕೊಳ್ಳುತ್ತೇನೆ. ಹಿಜಾಜ್ ರೈಲು ಅಂದರೆ ಡಮಾಸ್ಕಸ್‌ನಿಂದ ಮದೀನಾಕ್ಕೆ ತುರ್ಕಿ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಹಾಕಿಸಿದ ಹಳಿ. 1900ರಲ್ಲಿ ಶುರು, 1908ರಲ್ಲಿ ಮದೀನಾ ಮುಟ್ಟಿತು, ಉದ್ದ ಸುಮಾರು 1,300 ಕಿಲೋಮೀಟರ್. ಪೀಠಿಕೆ ಇಷ್ಟು ಸಾಕು.

ಪ್ರಶ್ನೆ: ಹಿಜಾಜ್ ರೈಲನ್ನು ಲೋಕದ ಮುಸ್ಲಿಮರು ಚಂದಾ ಎತ್ತಿ ಕಟ್ಟಿದರಂತೆ. ಆ ದಾರಿಯ ಕ್ವಾರಂಟೈನ್ ಠಾಣೆಗಳಿಗೂ ಅದೇ ಹಣ ಹೋಯಿತೇ? ಯುರೋಪಿನವರು ಧರ್ಮಕ್ಕೆ ಕಟ್ಟಿಸಿಕೊಟ್ಟರು ಅಂತಲೂ ಓದಿದೆ. ಯಾವುದು ಸರಿ?

ಎರಡೂ ಸರಿಯಲ್ಲ. ಮೊದಲು ಚಂದಾ ವಿಷಯ. ಹಣ ಬಂದದ್ದು ನಿಜ, ಇಂಡಿಯಾದಿಂದಲೂ ಬಂತು. ಅಮೃತಸರದ ಪತ್ರಕರ್ತ ಮುಹಮ್ಮದ್ ಇನ್ಶಾಅಲ್ಲಾ ಇದಕ್ಕಾಗಿ ಬರೆದೂ ಬರೆದೂ ಹಣ ಕೂಡಿಸಿದರು. ಹೈದರಾಬಾದಿನಲ್ಲಿ ಮುಲ್ಲಾ ಅಬ್ದುಲ್ ಖಯ್ಯೂಂ ಆ ಕೆಲಸ ಮಾಡಿದರು. ನಮ್ಮ ಕಲಬುರಗಿ, ಬೀದರ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು ಅನ್ನೋದು ನೆನಪಿರಲಿ. ಆದರೆ ಬರೀ ಭಕ್ತಿಯ ಚಂದಾದಿಂದಲೇ ರೈಲು ಓಡಿತು ಅನ್ನೋದು ಅರ್ಧ ಕತೆ. ತುರ್ಕಿ ಸರ್ಕಾರಿ ನೌಕರರ ಸಂಬಳದಲ್ಲಿ ಮುರಿದುಕೊಂಡರು. ಸರ್ಕಾರಿ ಕಾಗದಗಳಿಗೆ ರೈಲಿನ ಸ್ಟಾಂಪ್ ಅಂಟಿಸಬೇಕಾಯಿತು. ಬಕ್ರೀದ್ ಕುರ್ಬಾನಿಯ ಚರ್ಮ ಮಾರಿದ ದುಡ್ಡನ್ನೂ ಇದಕ್ಕೆ ಸೇರಿಸಿದರು. ಇದಿಷ್ಟೂ ಕೂಡಿಸಿದ್ದು ಹಳಿ, ಸೇತುವೆ, ಇಂಜಿನ್‌ಗೆ. ಚಂದಾ ಎತ್ತುವವನು ಮನೆ ಬಾಗಿಲಿಗೆ ಬಂದು "ಮದೀನಾಕ್ಕೆ ರೈಲು" ಅಂದರೆ ಜನ ಕೊಡುತ್ತಾರೆ. "ಬಟ್ಟೆ ಬೇಯಿಸುವ ಆವಿ ಹಂಡೆಗೆ, ಕಕ್ಕಸು ಗುಂಡಿಗೆ" ಅಂದರೆ ಯಾರು ಕೊಡುತ್ತಾರೆ? ಇವತ್ತಿಗೂ ದೇವಸ್ಥಾನದ ಗೋಪುರಕ್ಕೆ ದಾನಿಗಳು ಸಾಲು ನಿಲ್ಲುತ್ತಾರೆ, ಶೌಚಾಲಯಕ್ಕೆ ಒಬ್ಬರೂ ಸಿಗೋದಿಲ್ಲ.

ಇನ್ನು ಯುರೋಪಿನವರ ದಾನದ ಮಾತು. ಇಸ್ತಾಂಬುಲ್‌ನಲ್ಲಿ 1830ರ ದಶಕದ ಕೊನೆಯಲ್ಲಿ ಒಂದು ಆರೋಗ್ಯ ಮಂಡಳಿ ಹುಟ್ಟಿತು. ಸುಲ್ತಾನನ ನೆಲದಲ್ಲೇ ಕೂತ ಆ ಮಂಡಳಿಯಲ್ಲಿ ಬ್ರಿಟನ್, ಫ್ರಾನ್ಸ್ ಮುಂತಾದ ದೇಶಗಳ ಪ್ರತಿನಿಧಿಗಳು ಮತ ಹಾಕುತ್ತಿದ್ದರು. ಅವರು ಹಾಕಿದ್ದು ಮತ, ದುಡ್ಡಲ್ಲ. ಮಂಡಳಿಯ ಗಂಟು ಬರುತ್ತಿದ್ದದ್ದು ಹಡಗುಗಳ ಮೇಲಿನ ಆರೋಗ್ಯ ಶುಲ್ಕದಿಂದ. ಹಡಗಿನವನು ತನ್ನ ಜೇಬಿನಿಂದ ಕಟ್ಟುತ್ತಾನೆಯೇ? ಟಿಕೆಟ್ಟಿನಲ್ಲಿ ಸೇರಿಸಿ ಯಾತ್ರಿಕನಿಂದಲೇ ವಸೂಲಿ. ಕೆಂಪು ಸಮುದ್ರದ ಕಮರಾನ್ ದ್ವೀಪದ ಠಾಣೆ 1882ರಲ್ಲಿ ತೆರೆಯಿತು. ಬಾಂಬೆಯಿಂದ ಹೋದ ಯಾತ್ರಿಕರು ಅಲ್ಲಿ ಇಳಿಯಲೇಬೇಕಿತ್ತು. ಶುಲ್ಕ ಕೊಟ್ಟ ಮೇಲೂ ನೀರಿಗೆ ದುಡ್ಡು, ಸೌದೆಗೆ ದುಡ್ಡು ಅಂತ ದೂರುಗಳ ರಾಶಿಯೇ ಇದೆ. ಕೂಡಿ ಹಾಕಿದ್ದೂ ಅವರನ್ನೇ, ಬಿಲ್ಲು ಕೊಟ್ಟಿದ್ದೂ ಅವರಿಗೇ.

ಈಗ ಅಸಲು ವಿಷಯ. ಇದನ್ನು ಕೇಳುವವರೇ ಇಲ್ಲ, ಅದೇ ನನ್ನ ಸಿಟ್ಟು. ರೈಲಿಗೆ ಕ್ವಾರಂಟೈನ್ ಯಾಕೆ ಬೇಕಾಯಿತು? ಡಮಾಸ್ಕಸ್‌ನ ಯಾತ್ರಿಕರು ಅದಕ್ಕೂ ಮೊದಲು ನೂರಾರು ವರ್ಷ ಒಂಟೆ ಸಾಲಿನಲ್ಲಿ ಹೋಗಿ ಬಂದಿದ್ದಾರಲ್ಲ?

ಉತ್ತರ ಒಂಟೆಯಲ್ಲೇ ಇದೆ. ಡಮಾಸ್ಕಸ್‌ಗೂ ಮದೀನಾಕ್ಕೂ ನಡುವೆ ಒಂಟೆಗೆ ಸುಮಾರು 40 ದಿನದ ದಾರಿ. ಕಾಲರಾ ಮೈಗೆ ಹೊಕ್ಕರೆ ಕೆಲವು ಗಂಟೆಯಿಂದ ಐದು ದಿನದೊಳಗೆ ಹೊರಬೀಳುತ್ತದೆ. ಹೊರಟಾಗ ಗುಂಪಿನಲ್ಲಿ ರೋಗವಿದ್ದರೆ ಮರಳುಗಾಡಿನಲ್ಲೇ ಕಾಣಿಸಿಕೊಂಡು, ಸಾಯುವವರು ಸತ್ತು, ಊರು ಸೇರುವ ಹೊತ್ತಿಗೆ ಆರಿ ಹೋಗುತ್ತಿತ್ತು. ಕ್ರೂರ ಲೆಕ್ಕ, ನಿಜ. ಆದರೆ 1866ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವೂ ಇದನ್ನೇ ಹೇಳಿತು: ದೊಡ್ಡ ಮರುಭೂಮಿ ಕಾಲರಾಕ್ಕೆ ಒಳ್ಳೆಯ ತಡೆಗೋಡೆ. ಒಂಟೆ ಅಂದರೆ ಪುಕ್ಕಟೆ ಕ್ವಾರಂಟೈನ್. ಕಟ್ಟಡ ಬೇಡ, ಡಾಕ್ಟರ್ ಬೇಡ, ಬಜೆಟ್ ಬೇಡ.

ರೈಲು ಆ 40 ದಿನವನ್ನು ಮೂರು ನಾಲ್ಕು ದಿನಕ್ಕೆ ಇಳಿಸಿತು. ಮದೀನಾದಲ್ಲಿ ಕೆಟ್ಟ ನೀರು ಕುಡಿದವನು ಡಮಾಸ್ಕಸ್ ಪ್ಲಾಟ್‌ಫಾರಂನಲ್ಲಿ ಇಳಿಯುವಾಗ ಇನ್ನೂ ಗಟ್ಟಿಮುಟ್ಟಾಗಿ ನಗುತ್ತಿರಬಹುದು. ಮರುದಿನ ಅವನ ಮನೆಯವರು ಹಾಸಿಗೆ ಹಿಡಿಯುತ್ತಾರೆ.

ಇದು ಕಲ್ಪನೆಯ ಭಯ ಅಲ್ಲ. 1865ರಲ್ಲಿ ಮೆಕ್ಕಾದಲ್ಲಿ ಕಾಲರಾ ಬಂದು ಸುಮಾರು 15,000 ಯಾತ್ರಿಕರು ಸತ್ತರು ಅಂತ ಆಗಿನ ಅಂದಾಜು. ಉಳಿದವರು ಹಡಗಿನಲ್ಲಿ ಸೂಯೆಜ್‌ಗೆ ಬಂದರು. ಕಾಲುವೆ ಆಗಿನ್ನೂ ತೆರೆದಿರಲಿಲ್ಲ. ಅಲ್ಲಿಂದ ರೈಲು ಹತ್ತಿ ಅಲೆಕ್ಸಾಂಡ್ರಿಯಾ ತಲುಪಿದರು. ಜೂನ್‌ನಲ್ಲಿ ಅಲ್ಲಿ ಕಾಲರಾ, ಅಲ್ಲಿಂದ ಮೆಡಿಟರೇನಿಯನ್ ಬಂದರುಗಳಿಗೆ. ಸಮ್ಮೇಳನ ಕರೆದದ್ದೇ ಈ ಪೆಟ್ಟು ತಿಂದ ಮೇಲೆ. ಹಡಗಿಗೆ ಬೈಯುವವರು ನಡುವೆ ರೈಲೊಂದು ಇತ್ತು ಅನ್ನೋದನ್ನು ಮರೆಯುತ್ತಾರೆ.

ಹಾಗಾಗಿ ಹಿಜಾಜ್ ರೈಲಿನಲ್ಲಿ ಉತ್ತರಕ್ಕೆ ವಾಪಸು ಬರುವವರನ್ನು ದಾರಿಯಲ್ಲೇ ತಡೆಯಲು ತಬೂಕ್‌ನಲ್ಲಿ ಠಾಣೆ ಬಂತು. ಅದು ಡಮಾಸ್ಕಸ್‌ನಿಂದ ಸುಮಾರು 690 ಕಿಲೋಮೀಟರ್, ಹೆಚ್ಚುಕಮ್ಮಿ ದಾರಿಯ ನಟ್ಟನಡುವೆ. ನೀರಿರುವ ಊರು, ಸುತ್ತ ಬಯಲು. ಜಾಗದ ಆಯ್ಕೆಯಲ್ಲಿ ನನಗೆ ತಕರಾರಿಲ್ಲ. ತೊಡಕು ಇದ್ದದ್ದು ದುಡ್ಡಿನಲ್ಲಿ. ಹಡಗಾದರೆ ಬಂದರಿಗೆ ಬರುತ್ತದೆ, ಟನ್ ಲೆಕ್ಕ ಇದೆ, ಶುಲ್ಕ ಕಟ್ಟಿ ರಸೀದಿ ಪಡೆಯೋ ಕಪ್ತಾನ ಇದ್ದಾನೆ. ರೈಲಿನಲ್ಲಿ ಯಾರನ್ನು ಕೇಳೋಣ? ರೈಲು ಸುಲ್ತಾನನ ಸರ್ಕಾರದ್ದೇ, ಅದೂ ದಾನದ ಹಣದಲ್ಲಿ ಎದ್ದದ್ದು. ಟಿಕೆಟ್ ದುಬಾರಿ ಮಾಡಿದರೆ "ಇದೇನು ಪುಣ್ಯದ ರೈಲು" ಅಂತ ಜನ ಬೈಯುತ್ತಾರೆ. ಹಡಗಿನ ಶುಲ್ಕದಿಂದ ತೆಗೆದು ರೈಲಿಗೆ ಕೊಡೋಣ ಅಂದರೆ ಹಡಗಿನ ದೇಶಗಳ ಪ್ರತಿನಿಧಿಗಳೇ ಮಂಡಳಿಯಲ್ಲಿ ಕೂತಿದ್ದಾರೆ.

ಠಾಣೆಯನ್ನು ಕಟ್ಟುವುದು ಸುಲಭ, ನಡೆಸುವುದೇ ಕಷ್ಟ ಅನ್ನೋದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. 2020ರಲ್ಲಿ ಒಂದು ಹಾಸ್ಟೆಲನ್ನು ಕ್ವಾರಂಟೈನ್ ಮಾಡಿದಾಗ ನನ್ನನ್ನೂ ನಿವೃತ್ತಿಯಿಂದ ಕರೆದು ಕೂರಿಸಿದ್ದರು. ಮೊದಲ ದಿನ ನಾನು ಪಲ್ಸ್ ಆಕ್ಸಿಮೀಟರ್ ಎಲ್ಲಿ ಅಂತ ಹುಡುಕುತ್ತಿದ್ದೆ. ಬಾಗಿಲಲ್ಲಿ ಅಡುಗೆಯವನು ನಿಂತಿದ್ದ, ಕೈಯಲ್ಲಿ ಚೀಟಿ: "ಸಾರ್, ಎಂಬತ್ತು ಊಟ, ಯಾರ ಹೆಸರಿಗೆ ಬರೀಲಿ?" ಮೂರು ಕಚೇರಿಗೆ ಫೋನ್ ಮಾಡಿದೆ. ಮೂವರೂ ಇನ್ನೊಬ್ಬರ ಹೆಸರು ಹೇಳಿದರು. ಕೊನೆಗೆ ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ತಬೂಕ್‌ನ ಡಾಕ್ಟರ ಮುಂದೆಯೂ ಅಂಥ ಚೀಟಿ ಹಿಡಿದು ಒಬ್ಬ ನಿಂತಿದ್ದಿರಬೇಕು ಅಂತ ನನಗೆ ಅನಿಸುತ್ತಲೇ ಇರುತ್ತದೆ.

ಇನ್ನೊಂದು ಖರ್ಚು ಯಾವ ಲೆಕ್ಕದಲ್ಲೂ ಬರುವುದಿಲ್ಲ. ರೋಗಾಣು ಸಾಯಲಿ ಅಂತ ಗಂಟುಮೂಟೆಯನ್ನು ಆವಿ ಹಂಡೆಗೆ ಹಾಕುತ್ತಾರೆ, ಅಲ್ವಾ. ಹತ್ತಿ ಬಟ್ಟೆ ಬಿಸಿಯಾಗಿ ಹೊರಗೆ ಬರುತ್ತದೆ, ಅಷ್ಟೇ. ಚರ್ಮ ಹಾಗಲ್ಲ. ಬಿಸಿ ಆವಿಗೆ ಅದು ಮುರುಟಿಕೊಂಡು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಚಪ್ಪಲಿ, ನೀರಿನ ಚೀಲ, ಸೊಂಟದ ಪಟ್ಟಿ, ಚರ್ಮದ ರಟ್ಟಿನ ಪುಸ್ತಕ, ಯಾವುದೂ ಉಳಿಯುವುದಿಲ್ಲ. ಬಡವನಿಗೆ ಇದೂ ಒಂದು ತೆರಿಗೆಯೇ.

ಮೊದಲ ಮಹಾಯುದ್ಧ ಮುಗಿದ ಮೇಲೆ ಹಳಿ ಮೂರು ನಾಲ್ಕು ಆಡಳಿತಗಳ ನಡುವೆ ಹರಿದು ಹೋಯಿತು. 1923ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನಡೆದ ಶಾಂತಿ ಮಾತುಕತೆಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಈ ರೈಲು ಧಾರ್ಮಿಕ ಸ್ವತ್ತು ಅಂತ ಒಪ್ಪಿದವು. ಲಾಭ ಬಂದರೆ ರೈಲಿಗೆ, ಅದರಲ್ಲೂ ಮಿಕ್ಕರೆ ಯಾತ್ರಿಕರಿಗೆ ಅಂತ ಘೋಷಿಸಿದವು. ಕೇಳಲು ಚೆಂದ. ಈಗಿನ ಜೋರ್ಡಾನ್‌ನಲ್ಲಿರುವ ಮಆನ್ ಊರಿನಿಂದ ದಕ್ಷಿಣಕ್ಕೆ ಗಾಡಿಯೇ ಸರಿಯಾಗಿ ಓಡದಿದ್ದಾಗ ಲಾಭ ಎಲ್ಲಿಂದ ಬರಬೇಕು?

ಪ್ರಶ್ನೆ: ನಮ್ಮ ಮುತ್ತಜ್ಜ ಕಲಬುರಗಿಯಿಂದ ಮೆಕ್ಕಾಕ್ಕೆ ರೈಲಿನಲ್ಲೇ ಹೋಗಿದ್ದರಂತೆ. ಹಿಜಾಜ್ ರೈಲೇ ಇರಬೇಕಲ್ಲವೇ?

ಅಲ್ಲ. ಅದು ಮೆಕ್ಕಾ ಮುಟ್ಟಲೇ ಇಲ್ಲ. ಕಲಬುರಗಿಯಿಂದ ಬಾಂಬೆಗೆ ರೈಲು, ಬಾಂಬೆಯಿಂದ ಜೆದ್ದಾಕ್ಕೆ ಹಡಗು.

ಪ್ರಶ್ನೆ: ಕ್ವಾರಂಟೈನ್ ಅನ್ನೋದು ಬರೀ ಮುಸ್ಲಿಮರನ್ನು ಹಿಂಸಿಸುವ ಬ್ರಿಟಿಷರ ಸಂಚಲ್ಲವೇ?

ಸುಮ್ನೆ ಸಿಟ್ಟಿಗೆ ಹೇಳುವ ಮಾತು ಇದು, ಪೂರ್ತಿ ಸುಳ್ಳೂ ಅಲ್ಲ. ಬಡ ಯಾತ್ರಿಕನಿಗಿದ್ದ ಬಿಗಿ ಮೊದಲ ದರ್ಜೆಯ ಸಾಹೇಬನಿಗೆ ಇರಲಿಲ್ಲ. 1895ರಲ್ಲಿ ಮೆಕ್ಕಾದಲ್ಲಿ ಜನ ಆವಿ ಯಂತ್ರವನ್ನೇ ಒಡೆದು ಹಾಕಿದರು. ಆದರೆ ಬ್ರಿಟಿಷರು ಎಷ್ಟೋ ವರ್ಷ ಕ್ವಾರಂಟೈನ್‌ಗೆ ಅಡ್ಡಗಾಲು ಹಾಕಿದವರು. ಅವರ ಹಡಗು ನಿಂತರೆ ಅವರಿಗೇ ನಷ್ಟ, ಅಲ್ವಾ. 1897ರಲ್ಲಿ ಬಾಂಬೆಯಲ್ಲಿ ಪ್ಲೇಗ್ ಜಾಸ್ತಿಯಾಗಿ ಹೊರಗಿನ ಒತ್ತಡ ಬಂದ ಮೇಲೆಯೇ ಅವರು ಇಲ್ಲಿಂದ ಹಜ್ ನಿಲ್ಲಿಸಿದ್ದು.

ಪ್ರಶ್ನೆ: ಆ ಹಳಿಗಳ ಕೆಳಗೆ ತುರ್ಕರು ಹೂತಿಟ್ಟ ಚಿನ್ನ ಇದೆಯಂತೆ?

ಇಲ್ಲ. ಅಗೆಯುವವರು ಇನ್ನೂ ಅಗೆಯುತ್ತಿದ್ದಾರೆ, ಹಳೇ ನಿಲ್ದಾಣಗಳ ನೆಲವೆಲ್ಲ ಗುಂಡಿ. ನಕ್ಷೆ ಮಾರುವವನೊಬ್ಬನೇ ಶ್ರೀಮಂತ.

ಪ್ರಶ್ನೆ: ಈರುಳ್ಳಿ ಹೆಚ್ಚಿ ಕೋಣೆಯಲ್ಲಿ ಇಟ್ಟರೆ ರೋಗಾಣು ಹೀರಿಕೊಳ್ಳುತ್ತದೆ, ಈ ಠಾಣೆಗಳಲ್ಲೂ ಹಾಗೇ ಮಾಡುತ್ತಿದ್ದರು ಅಂತ ಒಬ್ಬ ವೈದ್ಯರು ವಿಡಿಯೊದಲ್ಲಿ ಹೇಳಿದ್ದಾರೆ.

ಆ ವಿಡಿಯೊದವರು ವೈದ್ಯರಲ್ಲ. ಈರುಳ್ಳಿಯನ್ನು ಸಾರಿಗೆ ಹಾಕಿ. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ, ನನಗೆ ಪತ್ರ ಬರೆಯುತ್ತಾ ಕೂರಬೇಡಿ.

ಪ್ರಶ್ನೆ: ಇಷ್ಟೆಲ್ಲ ದುಡ್ಡು ಸುರಿದು ಈ ಠಾಣೆಗಳಿಂದ ಆದ ಲಾಭವೇನು?

ಈಜಿಪ್ಟಿನ ಸಿನಾಯ್ ತೀರದ ಅಲ್ ತೂರ್ ಎಂಬ ಕ್ವಾರಂಟೈನ್ ಠಾಣೆಯ ಒಂದು ಸಂಗತಿ ಹೇಳುತ್ತೇನೆ. 1905ರಲ್ಲಿ ಅಲ್ಲಿ ಸತ್ತ ಕೆಲವು ಯಾತ್ರಿಕರ ಕರುಳಿನಲ್ಲಿ ಗೊಟ್ಶ್ಲಿಖ್ ಎಂಬ ಜರ್ಮನ್ ವೈದ್ಯರಿಗೆ ಕಾಲರಾದಂಥ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಸತ್ತವರಿಗೆ ಕಾಲರಾದ ಲಕ್ಷಣವೇ ಇರಲಿಲ್ಲ. ಇದು ಅಸಲಿಯೋ ನಕಲಿಯೋ ಅಂತ ಪಂಡಿತರು ಜಗಳವಾಡಿದರು. ಅದೇ, ಆ ಠಾಣೆಯ ಹೆಸರು ಹೊತ್ತ ಎಲ್ ಟೋರ್ ತಳಿ. 1961ರಲ್ಲಿ ಇಂಡೋನೇಷ್ಯಾದಿಂದ ಹೊರಟ ಏಳನೇ ಕಾಲರಾ ಮಹಾಮಾರಿ ಅದರದ್ದೇ, ಇನ್ನೂ ಮುಗಿದಿಲ್ಲ. ನೋಡಲು ಗಟ್ಟಿಮುಟ್ಟಾಗಿದ್ದವನ ಹೊಟ್ಟೆಯಲ್ಲೂ ರೋಗ ಪ್ರಯಾಣ ಮಾಡುತ್ತದೆ ಅನ್ನೋದಕ್ಕೆ ಅಲ್ಲೇ ಒಂದು ಸುಳಿವಿತ್ತು. ಶುಲ್ಕ ಕಟ್ಟಿದ್ದ ಯಾತ್ರಿಕರಿಗೆ ಅದರಿಂದ ಒಂದು ಕಾಸೂ ವಾಪಸು ಬರಲಿಲ್ಲ.