ಎರಡೂ ತೋಳಿಗೆ ಲಸಿಕೆ ಹಾಕಿದ ಮೇಲೆ ಗಾಯಕ್ಕೇಕೆ ಸೂಜಿ?

ಮಾನ್ಯರೆ,

ನಿಮ್ಮ ಪತ್ರ ತಲುಪಿತು. ಎಂಟು ವರ್ಷದ ಮೊಮ್ಮಗನ ಮೀನಖಂಡಕ್ಕೂ ಬೆರಳಿಗೂ ಬೀದಿನಾಯಿ ಕಚ್ಚಿತೆಂದೂ, ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಹುಚ್ಚುನಾಯಿ ರೋಗದ (ರೇಬಿಸ್) ಲಸಿಕೆ ಹಾಕಿದ ಮೇಲೆ ಗಾಯಗಳೊಳಕ್ಕೇ ಬೇರೊಂದು ಔಷಧ ಚುಚ್ಚಿದರೆಂದೂ, ಹುಡುಗ ಕಿರುಚಿಕೊಂಡದ್ದು ಇನ್ನೂ ಕಿವಿಯಿಂದ ಹೋಗಿಲ್ಲವೆಂದೂ ಬರೆದಿದ್ದೀರಿ. ಆ ಔಷಧ ಕುದುರೆಯ ರಕ್ತದಿಂದ ತಯಾರಾದದ್ದೆಂದು ತಿಳಿದು ನಿಮಗೆ ಗಾಬರಿಯೂ ಆಗಿದೆ. ಲಸಿಕೆ ಸಾಕಾಗುವುದಾದರೆ ಇದೇಕೆ, ಇದೇ ಸಾಕಾಗುವುದಾದರೆ ಲಸಿಕೆಯೇಕೆ ಎಂದು ಕೇಳಿದ್ದೀರಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರೂ ಬಿಡಿಸಿ ಹೇಳದ ಸಂಗತಿಯಿದು; ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ತೋಳಿಗೆ ಹಾಕಿದ್ದು ಸತ್ತ ರೇಬಿಸ್ ವೈರಸ್. ಅದು ರೋಗವನ್ನು ತರಲಾರದು, ಆದರೆ ಅದರ ಮೈಮೇಲಿನ ಮುಳ್ಳಿನಂಥ ಪ್ರೋಟೀನುಗಳು ಹಾಗೆಯೇ ಉಳಿದಿರುತ್ತವೆ. ನಮ್ಮ ರಕ್ತದಲ್ಲಿಯೂ ದುಗ್ಧರಸ ಗ್ರಂಥಿಗಳಲ್ಲಿಯೂ ಇರುವ ಲೆಕ್ಕವಿಲ್ಲದಷ್ಟು ಬಿ ಕೋಶಗಳೆಂಬ ರಕ್ಷಕ ಕೋಶಗಳ ಪೈಕಿ ಆ ಮುಳ್ಳಿಗೆ ಸರಿಯಾಗಿ ಹೊಂದುವಂಥವು ಎಲ್ಲೋ ಕೆಲವೇ ಕೆಲವು. ಅವು ಅದನ್ನು ಗುರುತಿಸಬೇಕು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು, ಕೊನೆಗೆ ಪ್ರತಿಕಾಯಗಳನ್ನು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳನ್ನು, ಸುರಿಸುವ ಕೋಶಗಳಾಗಿ ಮಾರ್ಪಡಬೇಕು. ಹಾಗೆ ಮಾರ್ಪಟ್ಟ ಒಂದೊಂದು ಕೋಶವೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ಹೊರಬಿಡುತ್ತದೆ ಎಂಬುದು ನಿಜ. ಆದರೆ ಆ ಹಂತ ಮುಟ್ಟಲು ಏಳರಿಂದ ಹದಿನಾಲ್ಕು ದಿನ ಬೇಕು. ಲಸಿಕೆ ಎಷ್ಟೇ ಒಳ್ಳೆಯದಿರಲಿ, ಈ ಅವಧಿಯನ್ನು ದಾಟಿ ಬರಲಾರದು.

ಅಷ್ಟರವರೆಗೆ ಗಾಯದಲ್ಲಿರುವ ವೈರಸ್ ಸುಮ್ಮನೆ ಕಾಯುತ್ತದೆಯೆ? ಅದು ಅಲ್ಲಿನ ಸ್ನಾಯುವಿನಿಂದ ನರದ ತುದಿಗೆ ಅಂಟಿಕೊಂಡು ಒಳಹೊಕ್ಕರೆ, ನರದ ಹಾದಿಯಲ್ಲಿಯೇ ಬೆನ್ನುಹುರಿಗೂ ಅಲ್ಲಿಂದ ಮೆದುಳಿಗೂ ಸಾಗುತ್ತದೆ. ನರದೊಳಗೆ ಸೇರಿದ ವೈರಸ್ಸಿಗೆ ರಕ್ತದಲ್ಲಿ ಓಡಾಡುವ ಪ್ರತಿಕಾಯಗಳ ಭಯ ಅಷ್ಟಾಗಿ ಇರುವುದಿಲ್ಲ. ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುವುದರಿಂದಲೇ ಕಚ್ಚಿದ ಮೇಲೆ ಹಾಕುವ ಲಸಿಕೆಯೂ ಫಲ ಕೊಡುತ್ತದೆ. ಆದರೆ ಮುಖ, ತಲೆ, ಬೆರಳುಗಳಂಥ ನರ ದಟ್ಟವಾಗಿರುವ ಕಡೆ ಕಚ್ಚಿದ್ದರೆ ಆ ಬಿಡುವು ಬಹಳ ಕಡಿಮೆಯಾಗಬಹುದು. ನಿಮ್ಮ ಮೊಮ್ಮಗನಿಗೆ ಬೆರಳಿಗೂ ಕಚ್ಚಿದೆ ಎಂಬುದನ್ನು ಗಮನಿಸಿ.

ಗಾಯಕ್ಕೆ ತುಂಬಿದ್ದು ಬೇರೊಂದು ಜೀವಿಯಲ್ಲಿ ಆಗಲೇ ತಯಾರಾದ ಪ್ರತಿಕಾಯ; ಇದನ್ನೇ ಸೀರಂ ಎನ್ನುತ್ತಾರೆ. ಅದು ವೈರಸ್ಸಿನ ಮುಳ್ಳುಗಳನ್ನು ಮುತ್ತಿ, ನರಕ್ಕೆ ಅಂಟದಂತೆ ಅಲ್ಲಿಯೇ ತಡೆಯುತ್ತದೆ. ವೈರಸ್ ಇರುವುದು ಗಾಯದಲ್ಲಿ, ಆದ್ದರಿಂದ ಔಷಧವೂ ಅಲ್ಲಿಗೇ ಹೋಗಬೇಕು. ಹಲ್ಲು ನಾಟಿದ ಪ್ರತಿಯೊಂದು ತೂತಿನ ಆಳಕ್ಕೂ ಸುತ್ತಲಿಗೂ ಸಣ್ಣ ಸೂಜಿಯಿಂದ ಇಳಿಸಬೇಕು. ಬೆರಳಿನ ತುದಿಯಲ್ಲಿ ಚರ್ಮದ ಕೆಳಗೆ ಜಾಗವೇ ಇರುವುದಿಲ್ಲ. ಅಲ್ಲಿ ರಕ್ತಸಂಚಾರ ನಿಲ್ಲದಂತೆ ಹನಿಹನಿಯಾಗಿ ಬಿಡಬೇಕಾಗುತ್ತದೆ, ಬೆರಳು ಉಬ್ಬಿ ಬಿಳಿಚಿಕೊಳ್ಳುತ್ತದೆ, ಮಗು ಕಿರುಚದೆ ಇನ್ನೇನು ಮಾಡೀತು? ಆ ನರ್ಸಮ್ಮ ಮನಸ್ಸು ಗಟ್ಟಿಮಾಡಿಕೊಂಡು ಕೆಲಸ ಮುಗಿಸಿದರೆಂದೇ ನಾನು ತಿಳಿಯುತ್ತೇನೆ.

ಎರಡೂ ಬೇಕೆಂಬುದು ಊಹೆಯ ಮಾತಲ್ಲ. 1954ರಲ್ಲಿ ಇರಾನಿನ ಹಳ್ಳಿಯೊಂದರಲ್ಲಿ ಹುಚ್ಚುಹಿಡಿದ ತೋಳವೊಂದು ಒಂದೇ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕಚ್ಚಿತು. ಅವರನ್ನು ಟೆಹರಾನಿನ ಪಾಶ್ಚರ್ ಸಂಸ್ಥೆಗೆ ಕರೆತಂದರು. ತಲೆಗೆ ಕಚ್ಚಿಸಿಕೊಂಡವರಲ್ಲಿ ಲಸಿಕೆಯನ್ನು ಮಾತ್ರ ಪಡೆದ ಐವರ ಪೈಕಿ ಮೂವರು ಸತ್ತರು. ಲಸಿಕೆಯ ಜೊತೆಗೆ ಸೀರಂ ಅನ್ನು ಒಂದಕ್ಕಿಂತ ಹೆಚ್ಚು ಸಲ ಪಡೆದ ಐವರೂ ಬದುಕಿದರು. ಸಂಖ್ಯೆ ಚಿಕ್ಕದು, ಆದರೆ ಇಂದು ನಿಮ್ಮ ಮೊಮ್ಮಗನಿಗೆ ಸಿಕ್ಕ ಚಿಕಿತ್ಸೆಯ ಹಿಂದೆ ಆ ಹಳ್ಳಿಯವರ ಅನುಭವವಿದೆ.

ಹಾಗಾದರೆ ಸೀರಂ ಒಂದೇ ಸಾಲದೆ? ಸಾಲದು. ಹೊರಗಿನಿಂದ ಬಂದ ಪ್ರತಿಕಾಯವನ್ನು ನಮ್ಮ ಮೈ ಮತ್ತೆ ತಯಾರಿಸಲಾರದು; ಅದು ಕರಗುತ್ತಲೇ ಹೋಗುತ್ತದೆ. ಮನುಷ್ಯರಿಂದ ಪಡೆದದ್ದೇ ಸುಮಾರು ಮೂರು ವಾರಕ್ಕೆ ಅರ್ಧವಾಗುತ್ತದೆ, ಕುದುರೆಯದು ಇನ್ನೂ ಬೇಗ. ಹಾಗೆಂದು ಬೇಕಾದಷ್ಟು ಸುರಿಯುವಂತೆಯೂ ಇಲ್ಲ. ಅತಿಯಾದರೆ ಅದು ಲಸಿಕೆಯ ಸತ್ತ ವೈರಸ್ಸನ್ನೂ ಮುತ್ತಿ, ನಮ್ಮ ಕೋಶಗಳು ಅದನ್ನು ಸರಿಯಾಗಿ ನೋಡದಂತೆ ಮಾಡುತ್ತದೆ. ಅದಕ್ಕಾಗಿಯೇ ಮೈತೂಕದ ಪ್ರತಿ ಕಿಲೋಗೆ ಕುದುರೆಯದು ಹೆಚ್ಚೆಂದರೆ 40 ಯೂನಿಟ್, ಮನುಷ್ಯರದು 20 ಯೂನಿಟ್ ಎಂಬ ಮಿತಿಯಿದೆ. ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ ಸೀರಂ ಕೊಡುವುದೇ ಇಲ್ಲ.

ಕುದುರೆಯ ವಿಚಾರ. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಧನುರ್ವಾಯು, ಗಂಟಲಮಾರಿಗಳಿಗೆ ಸಿದ್ಧ ಪ್ರತಿಕಾಯ ಕೊಡುವ ಈ ದಾರಿಯನ್ನು ತೋರಿಸಿಕೊಟ್ಟ ಮೇಲೆ ಕುದುರೆ ವೈದ್ಯರ ಸಹಾಯಕ್ಕೆ ಬಂತು. ದೊಡ್ಡ ಪ್ರಾಣಿ, ಅದರ ಸೀರಂ ಹೇರಳವಾಗಿ ಸಿಗುತ್ತದೆ. ಹಾವು ಕಚ್ಚಿದಾಗ ಕೊಡುವ ಔಷಧವೂ ನಮ್ಮಲ್ಲಿ ಕುದುರೆಯಿಂದಲೇ ಬರುವುದು. ಕೆಲವರಿಗೆ ಇದು ಒಗ್ಗದೆ ಅಲರ್ಜಿಯಾಗುವುದುಂಟು, ಅದಕ್ಕಾಗಿಯೇ ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ ನೋಡುತ್ತಾರೆ. ಈಗಿನ ಸೀರಂ ಹಿಂದಿನದಕ್ಕಿಂತ ಬಹಳ ಶುದ್ಧವಾಗಿರುವುದರಿಂದ ಆ ತೊಂದರೆ ವಿರಳ.

ಹುಟ್ಟಿದಾಗಿನಿಂದ ಎಲ್ಲ ಲಸಿಕೆಗಳನ್ನೂ ಹಾಕಿಸಿದ್ದೇವೆ ಎಂದೂ ಬರೆದಿದ್ದೀರಿ. ಸಂತೋಷ, ಆದರೆ ಆ ಪಟ್ಟಿಯಲ್ಲಿ ರೇಬಿಸ್ ಇಲ್ಲ, ಧನುರ್ವಾಯುವಿಗೆಂದು ಮೂಡಿದ ಪ್ರತಿಕಾಯಕ್ಕೆ ರೇಬಿಸ್ ವೈರಸ್ಸಿನ ಪರಿಚಯವೂ ಇಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಕಾಲವನ್ನು ಕಂಡ ನಮ್ಮಂಥವರಿಗೆ ಈಗಿನ ನಾಲ್ಕು ಭೇಟಿ ಸುಲಭವೆನ್ನಿಸುತ್ತದೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2005ರ ಸುಮಾರಿಗೆ ಕೈಬಿಟ್ಟರು.

ಮೂರು ಭೇಟಿ ಮುಗಿದಿವೆ, ಹುಡುಗ ಆಡಿಕೊಂಡಿದ್ದಾನೆ, ಇಪ್ಪತ್ತೆಂಟನೆಯ ದಿನದ್ದು ಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಕು, ತಪ್ಪದೆ ಹಾಕಿಸಿ. ಮುಂದೆಂದಾದರೂ ಮತ್ತೆ ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಆದರೆ ಆಗ ಅವನ ಮೈಯಲ್ಲಿ ಉಳಿದಿರುವ, ಈ ವೈರಸ್ಸನ್ನು ನೆನಪಿಟ್ಟುಕೊಂಡ ಸ್ಮರಣಕೋಶಗಳು ಕೆಲವೇ ದಿನಗಳಲ್ಲಿ ಎಚ್ಚೆತ್ತುಕೊಳ್ಳುವುದರಿಂದ ಎರಡು ಸಲದ ಲಸಿಕೆ ಸಾಕು, ಗಾಯಕ್ಕೆ ಸೀರಂ ಬೇಕಾಗುವುದಿಲ್ಲ. ಈಗ ಲಸಿಕೆ ಪೂರ್ಣವಾಗಿದೆ ಎಂಬುದಕ್ಕೆ ಆಗ ವೈದ್ಯರು ಆಧಾರ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ನಾಲ್ಕೂ ತಾರೀಕು ಬರೆಸಿಕೊಂಡು, ಮನೆಯ ರೇಷನ್ ಕಾರ್ಡಿನ ಜೊತೆಯಲ್ಲಿಯೇ ಇಟ್ಟುಬಿಡಿ.

— ಸಂಪಾದಕ