ಯಹೂದಿಗಳು ಮನುಷ್ಯನನ್ನು ಮರಕ್ಕೆ ಹೋಲಿಸುವುದು ಯಾಕೆ?

"ಮನುಷ್ಯ ಹೊಲದ ಮರದಂತೆ ಅಂತ ಯಹೂದಿಗಳು ಹೇಳುತ್ತಾರಂತೆ, ಮರಕ್ಕೂ ಒಳಗಿನ ಬೆಳವಣಿಗೆಗೂ ಏನು ಸಂಬಂಧ?" ಎಂದು ಕೇಳಿದ್ದೀರಿ. ನಾನು ಯಹೂದಿಯಲ್ಲ, ಅವರ ಗ್ರಂಥಗಳನ್ನು ಆಸಕ್ತಿಯಿಂದ ಓದುವವನು ಅಷ್ಟೇ. ನನಗೆ ತಿಳಿದಷ್ಟು ಹೇಳುತ್ತೇನೆ.

ಆ ಸಾಲು ಇರುವುದು ಬೈಬಲ್ಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 20ನೇ ಅಧ್ಯಾಯದಲ್ಲಿ, ಅದೂ ಯುದ್ಧದ ನಿಯಮಗಳ ನಡುವೆ. ಶತ್ರುವಿನ ಊರಿಗೆ ಎಷ್ಟು ದಿನ ಮುತ್ತಿಗೆ ಹಾಕಿದರೂ ಅಲ್ಲಿನ ಹಣ್ಣಿನ ಮರಗಳಿಗೆ ಕೊಡಲಿ ಹಾಕಬೇಡಿ ಎಂಬ ಆಜ್ಞೆ ಅದು. ಮಧ್ಯಯುಗದ ವ್ಯಾಖ್ಯಾನಕಾರ ರಾಶಿ ಈ ಸಾಲನ್ನು ಪ್ರಶ್ನೆಯಾಗಿಯೇ ಓದಿದರು. ಮರವೇನು ಮನುಷ್ಯನಾ, ನಿಮ್ಮ ಮುತ್ತಿಗೆಗೆ ಸಿಕ್ಕಿ ಹಸಿವಿನಿಂದ ನರಳೋಕೆ? ಯಹೂದಿ ಪಂಡಿತರ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್‌ನಲ್ಲಿ ಅದನ್ನೇ ಗುರುಗಳ ಮೇಲೆ ತಿರುಗಿಸಿದ್ದಾರೆ. ಹಣ್ಣಿನ ಮರವನ್ನು ಉಳಿಸಿಕೊಳ್ಳಿ, ಹಣ್ಣು ಕೊಡದ್ದನ್ನು ಕಡಿಯಬಹುದು ಅಂತ ನಿಯಮ ಇದೆಯಲ್ಲ, ಹಾಗೇ ಯೋಗ್ಯ ಪಂಡಿತನಿಂದ ಕಲಿಯಿರಿ, ಅಯೋಗ್ಯನ ಸಹವಾಸ ಬಿಡಿ ಅಂತ. ಸ್ವಲ್ಪ ಖಾರವಾದ ಮಾತೇ!

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ರಬ್ಬಿ ಎಲಾಜಾರ್ ಬೆನ್ ಅಜರ್ಯಾ ಹೇಳಿದ್ದು. ಯಹೂದಿ ಗುರುಗಳ ಹಳೆಯ ಬೋಧನೆಗಳ ಸಂಗ್ರಹವಾದ ಮಿಷ್ನಾದ 'ಪಿರ್ಕೆ ಅವೋತ್' ಭಾಗದ ಮೂರನೇ ಅಧ್ಯಾಯದಲ್ಲಿದೆ. ತಿಳಿವಳಿಕೆ ಜಾಸ್ತಿ, ನಡತೆ ಕಡಿಮೆ ಇರುವವನು ಕೊಂಬೆ ತುಂಬ ಇದ್ದು ಬೇರು ಕಡಿಮೆ ಇರುವ ಮರ. ಗಾಳಿ ಬಂದರೆ ಬುಡಮೇಲು. ನಡತೆಯೇ ಜಾಸ್ತಿ ಇರುವವನದು ಕಡಿಮೆ ಕೊಂಬೆ, ತುಂಬ ಬೇರು. ಲೋಕದ ಗಾಳಿಯೆಲ್ಲ ಬೀಸಿದರೂ ಅಲ್ಲಾಡುವುದಿಲ್ಲ. ಸಾಮಾನ್ಯವಾಗಿ ನಾವು ಉಲ್ಟಾ ಯೋಚಿಸುತ್ತೇವೆ ಅಲ್ವಾ? ಓದು, ನಂಬಿಕೆ ಬೇರು, ಒಳ್ಳೆಯ ಕೆಲಸ ಅದರ ಹಣ್ಣು ಅಂತ. ಇಲ್ಲಿ ದಿನಾ ಮಾಡುವ ಕೆಲಸವೇ ಬೇರು. ಜೀವನವಿಡೀ ತೋರಾ (ಅವರ ಧರ್ಮಗ್ರಂಥ) ಓದುವುದನ್ನೇ ದೊಡ್ಡದು ಅಂದುಕೊಂಡ ಸಮುದಾಯದ ಪಂಡಿತರೇ ಹೀಗೆ ಹೇಳಿಟ್ಟಿದ್ದಾರೆ ಅನ್ನುವುದನ್ನು ಗಮನಿಸಿ.

ಈ ಮಾತಿಗೆ ಅವರು ಜೋಡಿಸುವುದು ಬೈಬಲ್ಲಿನ ಪ್ರವಾದಿ ಯೆರೆಮೀಯನ ಪುಸ್ತಕದ 17ನೇ ಅಧ್ಯಾಯವನ್ನು. ನೀರಿನ ಬಳಿ ನೆಟ್ಟ ಮರಕ್ಕೂ ಧಗೆ ತಪ್ಪಿದ್ದಲ್ಲ, ಬರಗಾಲವೂ ತಪ್ಪಿದ್ದಲ್ಲ. ಆದರೆ ಅದು ಹೆದರುವುದಿಲ್ಲ, ಹಣ್ಣು ಬಿಡುವುದನ್ನೂ ನಿಲ್ಲಿಸುವುದಿಲ್ಲ. ಭಕ್ತನಿಗೆ ಕಷ್ಟವೇ ಬರುವುದಿಲ್ಲ ಅಂತ ಎಲ್ಲೂ ಭರವಸೆ ಕೊಟ್ಟಿಲ್ಲ ನೋಡಿ.

ಇನ್ನೊಂದು, ಕಾಯುವ ವಿಚಾರ. ಬೈಬಲ್ಲಿನದೇ ಯಾಜಕಕಾಂಡದ 19ನೇ ಅಧ್ಯಾಯದ ಪ್ರಕಾರ ಹೊಸದಾಗಿ ನೆಟ್ಟ ಮರದ ಹಣ್ಣನ್ನು ಮೊದಲ 3 ವರ್ಷ ತಿನ್ನುವಂತಿಲ್ಲ. 4ನೇ ವರ್ಷದ್ದು ದೇವರಿಗೆ. 5ನೇ ವರ್ಷದಿಂದ ಮನೆಯವರಿಗೆ. ಕೆಲವು ಸಂಪ್ರದಾಯಸ್ಥ ಕುಟುಂಬಗಳು ಗಂಡುಮಗುವಿನ ಕೂದಲನ್ನು 3 ವರ್ಷದವರೆಗೆ ಕತ್ತರಿಸದೆ ಬಿಡುವ ಪದ್ಧತಿಗೆ ಇದೇ ಕಾರಣ ಕೊಡುತ್ತಾರೆ. ಕೂದಲು ತೆಗೆದ ಮೇಲೆ ಅಕ್ಷರಾಭ್ಯಾಸ, ಅಕ್ಷರಗಳ ಮೇಲೆ ಜೇನು ಸವರಿ ನೆಕ್ಕಿಸುವುದೂ ಉಂಟು. ಎರಡು ವರ್ಷದ ಮಗುವನ್ನು ಕೂರಿಸಿ ಪಾಠ ಹೇಳಿಸುವ ಈಗಿನ ಅಪ್ಪ ಅಮ್ಮಂದಿರಿಗೆ ಈ ನಿಯಮ ಓದಿಸಬೇಕು ಅಂತ ನನಗೆ ಆಗಾಗ ಅನಿಸುತ್ತದೆ.

ತಾಲ್ಮುದ್‌ನಲ್ಲಿ ಬರುವ ಹೋನಿ ಎಂಬಾತನ ಕಥೆ ನೀವು ಕೇಳಿರಬಹುದು. 70 ವರ್ಷಕ್ಕೆ ಫಲ ಕೊಡುವ ಕ್ಯಾರಬ್ ಎಂಬ ಮರ ನೆಡುತ್ತಿದ್ದವನನ್ನು ಕಂಡು ಅಚ್ಚರಿಪಟ್ಟವನು. ಹಿರಿಯರು ನನಗಾಗಿ ನೆಟ್ಟಂತೆ ನಾನು ಮಕ್ಕಳಿಗಾಗಿ ನೆಡುತ್ತೇನೆ ಅಂದನಂತೆ ನೆಡುತ್ತಿದ್ದವನು. ಎಲ್ಲರೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ತಾಲ್ಮುದ್ ನಿಲ್ಲಿಸುವುದಿಲ್ಲ. ಹೋನಿ 70 ವರ್ಷ ನಿದ್ದೆ ಹೋಗಿ ಎದ್ದಾಗ ನೆಟ್ಟವನ ಮೊಮ್ಮಗ ಕಾಯಿ ಕೀಳುತ್ತಿರುತ್ತಾನೆ. ಆದರೆ ಪಾಠಶಾಲೆಯಲ್ಲಿ ಹೋನಿಯ ಗುರುತು ಯಾರಿಗೂ ಇಲ್ಲ, ನಂಬುವವರಿಲ್ಲ. ಜೊತೆಗಾರರಿಲ್ಲದ ಬದುಕು ಬೇಡವೆಂದು ಬೇಡಿಕೊಂಡು ಸಾಯುತ್ತಾನೆ. ಮರ ಒಂಟಿಯಾಗಿ ಬಾಳಬಹುದು, ಮನುಷ್ಯನಿಗೆ ಜೊತೆ ಬೇಕು. ಮರದ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ ಅಂತ ಅವರೇ ತೋರಿಸಿದಂತಿದೆ.

ಮರಗಳಿಗೆ ಒಂದು ಹೊಸವರ್ಷವೂ ಇದೆ. ಯಹೂದಿ ಪಂಚಾಂಗದ ಶೆವಾಟ್ ತಿಂಗಳ 15, ನಮಗೆ ಜನವರಿ-ಫೆಬ್ರವರಿಯಲ್ಲಿ ಬರುತ್ತದೆ. ಮೊದಲು ಇದು ಹಣ್ಣಿನಲ್ಲಿ ದೇವರ ಪಾಲು ತೆಗೆಯುವ ಲೆಕ್ಕದ ದಿನವಾಗಿತ್ತು. ಹಣ್ಣು ತಿನ್ನುವ ಹಬ್ಬವಾದದ್ದು ಆಮೇಲೆ. ನಮ್ಮ ಪಕ್ಕದ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಆ ದಿನ 'ಮಲೀದಾ' ಮಾಡುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಜೊತೆಗೆ ಹಣ್ಣು. ಪ್ರವಾದಿ ಎಲೀಯನ ಹೆಸರಿನಲ್ಲಿ ಪ್ರಾರ್ಥನೆ ಮಾಡಿ ಹಂಚುತ್ತಾರೆ.

ಓದಲು ಶುರು ಮಾಡುವುದಾದರೆ ಕನ್ನಡ ಬೈಬಲ್ಲಿನ 1ನೇ ಮತ್ತು 92ನೇ ಕೀರ್ತನೆ ಸಾಕು. ಎರಡೂ ಚಿಕ್ಕವು. 92ರಲ್ಲಿ ಮುಪ್ಪಿನಲ್ಲೂ ಫಲ ಕೊಡುವ ಮರದ ಮಾತು ಬರುತ್ತದೆ.