ಹಿಮ, ಚಳಿ ವಿಪರೀತವಾದಾಗ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪಂದ್ಯ ಮುಂದೂಡಬೇಕಲ್ಲವೇ? ಟಿಕೆಟ್ ಇಟ್ಟುಕೊಂಡು ಕಾಯಲೇ?

ಕಾಯಬೇಡಿ. ಕ್ಯಾನ್ಸಸ್ ಸಿಟಿಗೆ ಹೊಸಬರು, ಕೈಯಲ್ಲಿ ಪ್ಲೇಆಫ್ ಟಿಕೆಟ್, ಮೈನಸ್ ಇಪ್ಪತ್ತರ ಮುನ್ಸೂಚನೆ, "ಆಟಗಾರರ ಜೀವದ ಪ್ರಶ್ನೆ, ಮುಂದೂಡಿಯೇ ತೀರುತ್ತಾರೆ" ಎಂಬ ನಂಬಿಕೆ. ಹೆಸರೊಂದು ಬಿಟ್ಟರೆ ನೀವು ಬರೆದಿರುವುದೆಲ್ಲ 2024ರ ಜನವರಿಯ ನನ್ನ ಕಥೆಯೇ.

ಅವತ್ತು ಜನವರಿ 13, ಶನಿವಾರ. ಸಂಜೆ 7ಕ್ಕೆ ಆ್ಯರೋಹೆಡ್ ಸ್ಟೇಡಿಯಂನಲ್ಲಿ ನಮ್ಮೂರ ತಂಡ ಚೀಫ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ಆಟ. ಮಧ್ಯಾಹ್ನ ನ್ಯೂಯಾರ್ಕ್ ರಾಜ್ಯದ ಬಫಲೋದಿಂದ ಅಕ್ಕ ಫೋನ್ ಮಾಡಿದಳು. "ನಾಳೆ ನಮ್ಮ ಮ್ಯಾಚಿಲ್ಲ ಕಣೋ, ಸೋಮವಾರಕ್ಕೆ ಹೋಯ್ತು. ಗವರ್ನರ್ರೇ ಹೇಳಿದ್ರು. ನಿಮ್ ಭಾವ ಮುಖ ಊದಿಸ್ಕೊಂಡು ಕೂತಿದಾರೆ." ಬಫಲೋ ಬಿಲ್ಸ್ ಮತ್ತು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಪಂದ್ಯ ಅದು. ಹಿಮಕ್ಕೆ ಹೆಸರಾದ ಬಫಲೋದವರೇ ಮುಂದಕ್ಕೆ ಹಾಕಿದರೆ ಇಲ್ಲಿಯವರು ಹಾಕದೆ ಇರುತ್ತಾರೆಯೇ, ಇನ್ನೇನು ಸುದ್ದಿ ಬಂತು ಅಂತ ಸೋಫಾ ಬಿಟ್ಟು ಏಳಲಿಲ್ಲ. ದಪ್ಪ ಬೂಟು, ಉಣ್ಣೆಯ ಸಾಕ್ಸ್ ತರಲು ಅಂಗಡಿಗೆ ಹೊರಟಿದ್ದವನು ಅದನ್ನೂ ಕೈಬಿಟ್ಟೆ. ಸುದ್ದಿ ಬರಲೇ ಇಲ್ಲ. ಗೆಳೆಯ ಬಂದು ಮನೆಯ ಮುಂದೆ ಹಾರ್ನ್ ಹೊಡೆದಾಗ ಕೈಗೆ ಸಿಕ್ಕ ಹತ್ತಿಯ ಸಾಕ್ಸ್ ಎರಡು ಜೊತೆ ಒಂದರ ಮೇಲೊಂದು ಏರಿಸಿ, ದಿನಾ ಹಾಕುವ ಸ್ನೀಕರ್ ಒಳಗೆ ಕಾಲು ತುರುಕಿ ಓಡಿದೆ.

ಆ ಸಾಕ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಬೇಜಾರಾದರೂ ಓದಿ. ಮೇಲೆ ಜಾಕೆಟ್, ಥರ್ಮಲ್, ಮಂಕಿಕ್ಯಾಪ್ ಎಲ್ಲ ಸರಿಯಾಗಿಯೇ ಇತ್ತು. ಅಷ್ಟು ಬಟ್ಟೆ ಹೊತ್ತು ಪಾರ್ಕಿಂಗ್‌ನಿಂದ ಸೀಟಿನವರೆಗೆ ಬಿರಬಿರನೆ ನಡೆದರೆ ಮೈನಸ್ ಇಪ್ಪತ್ತರಲ್ಲೂ ಪಾದ ಬೆವರುತ್ತದೆ. ಉಣ್ಣೆ ಒದ್ದೆಯಾದರೂ ಸುಮಾರಾಗಿ ಬೆಚ್ಚಗಿಡುತ್ತದೆ, ಹತ್ತಿ ಹಾಗಲ್ಲ. ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ನೀರು ತಣ್ಣಗೆ ಮಾಡುವ ಉಪಾಯವನ್ನು ನಾನು ನನ್ನ ಪಾದಕ್ಕೇ ಮಾಡಿಕೊಂಡಿದ್ದೆ. ಎರಡನೇ ಜೊತೆ ಹಾಕಿದ್ದು ಅದಕ್ಕಿಂತ ದೊಡ್ಡ ದಡ್ಡತನ. ಶೂ ಬಿಗಿಯಾಗಿ ಬೆರಳುಗಳಿಗೆ ರಕ್ತ ಹರಿಯುವುದು ಕಡಿಮೆಯಾಯಿತು. ಬೆಚ್ಚಗೆ ಕಾಪಾಡುವುದು ಸಾಕ್ಸಿನ ದಪ್ಪವಲ್ಲ, ಅದರ ಸುತ್ತ ಉಳಿಯುವ ಗಾಳಿ. ಒಂದೇ ಜೊತೆ ಹಾಕಿ ಬೆರಳಾಡಿಸಲು ಜಾಗ ಬಿಟ್ಟಿದ್ದರೂ ಇಷ್ಟು ಆಗುತ್ತಿರಲಿಲ್ಲ. ಇನ್ನು ಕಾಲಡಿಯ ಕಾಂಕ್ರೀಟು. ನಮ್ಮ ಮುಂದಿನ ಸಾಲಿನ ಅಜ್ಜ ರಟ್ಟಿನ ಡಬ್ಬ ಹರಿದು ಅದರ ಮೇಲೆ ನಿಂತಿದ್ದರು. "ಪಾಪ, ಬಡತನ" ಅಂತ ಗೆಳೆಯನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿ ನಕ್ಕವನು ನಾನು. ನಿಂತ ನೆಲ ಅಂಗಾಲಿನ ಬಿಸಿಯನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಆಟ ಶುರುವಾದಾಗ ಮೈನಸ್ 20 ಡಿಗ್ರಿ ಸೆಲ್ಸಿಯಸ್. ಗಾಳಿಯೂ ಸೇರಿ ಮೈಗೆ ತಟ್ಟಿದ್ದು ಮೈನಸ್ 33. ಎನ್‌ಎಫ್‌ಎಲ್ ಚರಿತ್ರೆಯಲ್ಲೇ ನಾಲ್ಕನೇ ಅತಿ ಚಳಿಯ ಪಂದ್ಯ. ಅಂಥ ಗಾಳಿಗೆ ಬರಿಚರ್ಮ ಒಡ್ಡಿದರೆ ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುವುದು, ಆಗಲು ಅರ್ಧ ಗಂಟೆ ಸಾಕು. ಮೊದಲು ಬೆರಳು ಉರಿಯುತ್ತಿತ್ತು, ಎರಡನೇ ಕ್ವಾರ್ಟರ್ ಹೊತ್ತಿಗೆ ಉರಿ ನಿಂತಿತು. ಹೊಂದಿಕೊಂಡಿತು ಅಂತ ಖುಷಿಪಟ್ಟೆ! ಉರಿ ನಿಂತಿತು ಅಂದರೆ ಸ್ಪರ್ಶ ಹೋಯಿತು ಅಂತ. ಆಮೇಲೆ ಶೌಚಾಲಯದ ಗೋಡೆಗೆ ಒರಗಿ ಶೂ ಬಿಚ್ಚಿದಾಗ ಬಲಗಾಲಿನ ಕೊನೆಯ ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಚೀಫ್ಸ್ ಆಟಗಾರ ಮಹೋಮ್ಸ್ ಹೆಲ್ಮೆಟ್ ಆ ಚಳಿಯಲ್ಲಿ ಡಿಕ್ಕಿಗೆ ಒಡೆದು ಚೂರು ಹಾರಿದ್ದು, ಕೋಚ್ ಆ್ಯಂಡಿ ರೀಡ್ ಮೀಸೆಯಲ್ಲಿ ಮಂಜುಗಡ್ಡೆ ಕಟ್ಟಿದ್ದು, ಎಲ್ಲವನ್ನೂ ಮಾರನೇ ದಿನ ವಿಡಿಯೋದಲ್ಲಿ ನೋಡಿದೆ. ಚೀಫ್ಸ್ 26–7ರಲ್ಲಿ ಗೆದ್ದಿತಂತೆ. ನನಗೆ ಬೊಬ್ಬೆ ಎದ್ದು, ಉಗುರು ಉದುರಿ, ಅಷ್ಟರಲ್ಲೇ ಮುಗಿಯಿತು. ಆ ಚಳಿಯಲ್ಲಿ ಫ್ರಾಸ್ಟ್‌ಬೈಟ್ ಆದವರಲ್ಲಿ ಕೆಲವರ ಬೆರಳನ್ನೇ ಕತ್ತರಿಸಬೇಕಾಯಿತು, ಅವರಲ್ಲಿ ಆ ಪಂದ್ಯಕ್ಕೆ ಬಂದವರೂ ಇದ್ದರು. ಈಗಲೂ ಅಂಗಡಿಯ ಫ್ರೀಜರ್ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ನನ್ನ ಆ ಬೆರಳುಗಳು ಬಿಳುಚಿಕೊಳ್ಳುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆಟಗಾರರಿಗಾಗಿ ಮುಂದೂಡುತ್ತಾರೆ ಅನ್ನುವ ಆರಂಭವೇ ತಪ್ಪು. ಇಷ್ಟು ಡಿಗ್ರಿಗೆ ಇಳಿದರೆ ಆಟವಿಲ್ಲ ಎಂಬ ನಿಯಮ ಎನ್‌ಎಫ್‌ಎಲ್‌ನಲ್ಲಿ ಇಲ್ಲ. 1967ರ ಡಿಸೆಂಬರ್ 31ರಂದು ಗ್ರೀನ್ ಬೇ ಊರಿನ ಪಂದ್ಯದಲ್ಲಿ ಮೈನಸ್ 25 ಇತ್ತು, ಮೈದಾನದಡಿ ಹಾಕಿದ್ದ ಬಿಸಿ ಕೊಳವೆಗಳು ಕೈಕೊಟ್ಟು ಹುಲ್ಲು ಮಂಜುಗಡ್ಡೆಯಾಗಿತ್ತು, ರೆಫರಿಯ ಸೀಟಿ ತುಟಿಗೆ ಅಂಟಿತ್ತು. ಆದರೂ ಆಡಿದರು. ಈಗಿನ ಆಟಗಾರನಿಗೆ ಬಿಸಿ ಬೆಂಚು ಇದೆ, ಹೀಟರ್ ಇದೆ, ಪಕ್ಕದಲ್ಲೇ ಡಾಕ್ಟರ್ ಇದ್ದಾರೆ. ಚಳಿಗೆ ಸಿಕ್ಕುವವರು ಮೂರು ಗಂಟೆ ಅಲುಗಾಡದೆ ಕೂರುವ ನಾವು, ನಮಗಿಂತ ಮೊದಲೇ ಬಂದು ಬಯಲಲ್ಲಿ ಕೈ ಬೀಸುತ್ತ ನಿಲ್ಲುವ ಪಾರ್ಕಿಂಗ್ ಹುಡುಗರು.

ಲೀಗ್ ನೋಡುವುದು ರಸ್ತೆಯನ್ನು. ಬಫಲೋದಲ್ಲಿ ಈರಿ ಸರೋವರದ ಮೇಲಿಂದ ಬರುವ ತಣ್ಣನೆ ಗಾಳಿ ನೀರಾವಿ ಹೊತ್ತು ತಂದು ಕಿರಿದಾದ ಒಂದು ಪಟ್ಟಿಯಲ್ಲಿ ಹಿಮ ಸುರಿಯುತ್ತದೆ. ಅಕ್ಕನ ಮನೆ ಊರಿನ ಉತ್ತರಕ್ಕೆ ಆ್ಯಮ್‌ಹರ್ಸ್ಟ್‌ನಲ್ಲಿದೆ. ಅಲ್ಲಿ ಹಪ್ಪಳದಷ್ಟು ಹಿಮ ಇರುವಾಗ ಸ್ಟೇಡಿಯಂ ಇರುವ ಆರ್ಚರ್ಡ್ ಪಾರ್ಕ್ ಮುಚ್ಚಿಹೋಗಿರುವುದುಂಟು. 2022ರ ನವೆಂಬರ್‌ನಲ್ಲಿ ಆರಡಿ ಮೀರಿ ಸುರಿದು ಪಂದ್ಯವನ್ನೇ ಡೆಟ್ರಾಯಿಟ್‌ಗೆ ಸಾಗಿಸಿದ್ದರು. ಅದೇ ಡಿಸೆಂಬರ್‌ನ ಹಿಮಗಾಳಿಯಲ್ಲಿ ಆ ಪ್ರದೇಶದ 40ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಹೂತುಹೋದ ಕಾರುಗಳಲ್ಲೇ. ಹಾಗಾಗಿ 2024ರಲ್ಲಿ ಗವರ್ನರ್ ಕ್ಯಾಥಿ ಹೋಕುಲ್ ಪಂದ್ಯ ನಿಲ್ಲಿಸಿದ್ದು ಸರಿ, ಬಫಲೋ ಇರುವ ಈರಿ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ವಾಹನ ಸಂಚಾರವನ್ನೇ ನಿಷೇಧಿಸಿದ್ದರು. ಗಂಟೆಗೆ 20 ಡಾಲರ್ ಕೊಟ್ಟು ಅಭಿಮಾನಿಗಳಿಂದಲೇ ಹಿಮ ತೆಗೆಸಿ ಸೋಮವಾರ ಆಡಿಸಿದರು, ಬಿಲ್ಸ್ 31–17ರಲ್ಲಿ ಗೆದ್ದಿತು. ಇತ್ತ ಕ್ಯಾನ್ಸಸ್ ಸಿಟಿಯ ರಸ್ತೆಗಳು ತೆರೆದಿದ್ದವು, ಆದ್ದರಿಂದ ಆಟ ನಡೆಯಿತು. ಸೋಫಾದ ಮೇಲೆ ನನಗೆ ಹೊಳೆಯದೇ ಹೋದದ್ದು ಇಷ್ಟೇ.

ಮುಂದೂಡಿದ್ದರೆ ಏನಾಗುತ್ತಿತ್ತು? ಹಿಮ ನಿಂತ ಮೇಲೆ ಬಾಚಿ ಹಾಕಬಹುದು, ಶೀತದ ಅಲೆಯನ್ನು ಬಾಚುವವರು ಯಾರು? ಆ ಸೋಮವಾರವೂ ಇಲ್ಲಿ ಕೊರೆಯುವ ಚಳಿಯೇ ಇತ್ತು. ಮುಂದೂಡಿದ್ದಕ್ಕೆ ತಂಡವೂ ಬೆಲೆ ತೆರುತ್ತದೆ. ಮುಂದಿನ ಭಾನುವಾರ ಬಿಲ್ಸ್ ಮತ್ತು ಚೀಫ್ಸ್ ಎದುರಾದಾಗ ಶನಿವಾರ ಆಡಿದ ಚೀಫ್ಸ್‌ಗೆ ಎರಡು ದಿನ ಹೆಚ್ಚು ವಿಶ್ರಾಂತಿ ಸಿಕ್ಕಿತ್ತು. ಚೀಫ್ಸ್ 27–24ರಲ್ಲಿ ಗೆದ್ದಿತು. ಭಾವ ಇವತ್ತಿಗೂ ಆ ಎರಡು ದಿನದ ಲೆಕ್ಕ ತೆಗೆಯುತ್ತಾರೆ. ಕೊನೆಯಲ್ಲಿ ಅವರ ಬಿಲ್ಸ್ ತಂಡದ ಕಿಕ್ಕರ್ 44 ಗಜದಿಂದ ಒದ್ದ ಚೆಂಡು ಗುರಿ ತಪ್ಪಿದ್ದನ್ನು ಮಾತ್ರ ಎತ್ತುವ ಹಾಗಿಲ್ಲ.

ಇನ್ನೊಂದು ಕಡೆಯ ವಾದವೂ ನನಗೆ ಒಪ್ಪಿಗೆಯಿಲ್ಲ. 2010ರಲ್ಲಿ ಫಿಲಡೆಲ್ಫಿಯಾದ ಭಾನುವಾರದ ಪಂದ್ಯವನ್ನು ಹಿಮದಿಂದಾಗಿ ಮಂಗಳವಾರಕ್ಕೆ ತಳ್ಳಿದಾಗ ಅಲ್ಲಿನ ಗವರ್ನರ್ ಎಡ್ ರೆಂಡೆಲ್ ದೇಶವೇ ಪುಕ್ಕಲಾಗಿದೆ ಎಂದು ಹರಿಹಾಯ್ದಿದ್ದರು. ಹಿಮದಲ್ಲಿ ಸಿಕ್ಕಿಬಿದ್ದ ಕಾರಿನೊಳಗೆ ಗಂಡಸುತನ ಕೆಲಸಕ್ಕೆ ಬರುವುದಿಲ್ಲ.

ನನಗೆ ಸಿಟ್ಟಿರುವುದು ಹೊತ್ತಿನ ಮೇಲೆ. ಜನವರಿಯಲ್ಲಿ, ತೆರೆದ ಸ್ಟೇಡಿಯಂನಲ್ಲಿ, ರಾತ್ರಿ ಆಟ ಯಾಕೆ? ಆ ಪಂದ್ಯ ದೇಶದ ಉಳಿದವರಿಗೆ ಪೀಕಾಕ್ ಎಂಬ ಸ್ಟ್ರೀಮಿಂಗ್‌ನಲ್ಲಿ ಮಾತ್ರ ಸಿಗುತ್ತಿತ್ತು, ಶನಿವಾರ ರಾತ್ರಿ ಮನೆಯಲ್ಲಿ ಕೂತವರು ಚಂದಾ ಕಟ್ಟಲಿ ಅಂತ. ಎರಡು ದಿನ ಮುಂದಕ್ಕೆ ಹಾಕುವುದು ಬೇಡ, ಆರು ಗಂಟೆ ಹಿಂದಕ್ಕೆ ತನ್ನಿ, ಒಂದಿಷ್ಟು ಬಿಸಿಲಾದರೂ ಮೈಗೆ ಬೀಳಲಿ. ಟಿವಿಯವರು ಒಪ್ಪುವುದಿಲ್ಲ ಅನ್ನುವುದು ಬೇರೆ ಮಾತು.

ನೀವು ರಸ್ತೆಯ ಸುದ್ದಿ ನೋಡಿ. ಸಂಚಾರ ನಿಷೇಧವಿಲ್ಲ ಅಂದರೆ ಆಟ ಇದೆ ಅಂತಲೇ ಲೆಕ್ಕ. ಟಿಕೆಟ್ ಮಾರುವ ಮನಸ್ಸಿದ್ದರೆ ಇವತ್ತೇ ಮಾರಿ, ಚಳಿ ಕಂಡು ಎಲ್ಲರೂ ಮಾರತೊಡಗಿದ ಮೇಲೆ ಕೊಳ್ಳುವವರು ಸಿಗುವುದಿಲ್ಲ. ಹೋಗುವುದಾದರೆ ಒಂದು ಸೈಜು ದೊಡ್ಡ ಬೂಟು, ಒಂದೇ ಜೊತೆ ಉಣ್ಣೆ ಸಾಕ್ಸ್, ಕಾಲಡಿಗೆ ರಟ್ಟು. ಬೆರಳಿನ ಉರಿ ತಾನಾಗಿ ನಿಂತರೆ ಸ್ಕೋರ್ ಎಷ್ಟೇ ಇರಲಿ, ಎದ್ದು ಒಳಗೆ ಹೋಗಿ. ಬೆರಳನ್ನು ಉಜ್ಜಬೇಡಿ, ಕಾರಿನ ಹೀಟರ್‌ಗೂ ಹಿಡಿಯಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು, ಬೆರಳಿಗೆ ಮಾಮೂಲಿ ಬಣ್ಣ ಮರಳಿ ಬರದಿದ್ದರೆ ನೇರ ಎಮರ್ಜೆನ್ಸಿಗೆ ಹೋಗಿ.